ಕಂಪ್ಯೂಟರಿನೊಳಗಿನ ಟೀಚರ್

ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿರಲಿಲ್ಲ. ಎರಡು ಸಾವಿರದ ಇಸವಿ ದಾಟಿದ ಹೊಸತು. ಶಹಾಬಾದಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಆಡಳಿತ ಮಂಡಳಿಯ ಅಧ್ಯಕ್ಷರು ಕಂಪ್ಯೂಟರ್ ತಂದು, ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಮೇಲೊಂದು ಜರಿಯಂಚಿನ ಬಟ್ಟೆ ಹೊದಿಸಿ ಹೋಗಿದ್ದರು. ಹೆಡ್‌ಮಾಸ್ತರರು ದಿನಾ ಬೀಗ ತೆಗೆದು ಊದುಬತ್ತಿ ಬೆಳಗುತ್ತಿದ್ದರೇ ಹೊರತು ಅದನ್ನು ಚಾಲೂ ಮಾಡಿದ್ದನ್ನು ನಾನು ಕಾಣೆ. ಮಕ್ಕಳು ಕಿಟಕಿಯಲ್ಲಿ ಇಣುಕಿ ಕೈಮುಗಿದು ಹೋಗುತ್ತಿದ್ದವು. ನನಗೆ ನಗುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಸಿಟ್ಟನ್ನು ತೋರಿಸುವಂತಿರಲಿಲ್ಲ. ನನ್ನದು ಕಾಯಂ ನೌಕರಿಯಲ್ಲ. ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ, ಅಪ್ಪನ ನಿವೃತ್ತಿ ಹತ್ತಿರ ಬಂದಿತ್ತು. ನಾನು ಕಾಯಂ ಆದರೆ ಶಹಾಬಾದಿನಲ್ಲಿ ಮನೆ ಹಿಡಿದು ಅಪ್ಪ ಅಮ್ಮನನ್ನು ಕರೆದುಕೊಂಡು ಬರುವುದು, ಇಲ್ಲದಿದ್ದರೆ ಚಿಂಚೋಳಿ ಕಡೆಯ ಹಳ್ಳಿಯಲ್ಲಿ ಚಿಕ್ಕಪ್ಪನ ಪಡಸಾಲೆಯಲ್ಲಿ ಮೂವರೂ ಬಿದ್ದುಕೊಳ್ಳುವುದು. ಚಿಕ್ಕಮ್ಮನ ಬಾಯಿ ಎಂಥದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಆ ವರ್ಷ ಚಿತ್ತಾಪುರದಲ್ಲಿ ಶಿಕ್ಷಕರಿಗೆ ಕಂಪ್ಯೂಟರ್ ತರಬೇತಿ ಇಟ್ಟರು. ಕಲಿಸಲು ಬಂದವರು ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳಿದರು: ವಿಷಯ ಗೊತ್ತಿರಬೇಕು, ಹೇಳಿಕೊಡುವ ರೀತಿ ಗೊತ್ತಿರಬೇಕು, ಯಂತ್ರವೂ ಗೊತ್ತಿರಬೇಕು, ಮೂರೂ ಕೂಡಿದರೇ ಪಾಠ. ಸೇಡಂ ಕಡೆಯ ಗಣಿತದ ಮಾಸ್ತರರೊಬ್ಬರು ಎದ್ದು ನಿಂತು, "ನಮ್ಮ ಸಾಲ್ಯಾಗ ಬೋರ್ಡಿನ ಮ್ಯಾಲ ಬರಿಯೋ ಖಡುನೇ ಇಲ್ರಿ, ಯಂತ್ರ ಎಲ್ಲಿಂದ ತರೂಣು?" ಎಂದರು. ಎಲ್ಲರೂ ನಕ್ಕು ಮತ್ತೆ ತೂಕಡಿಸಿದರು. ನಾನು ಮಾತ್ರ ಕಣ್ಣು ಪಿಳುಕಿಸದೆ ಕೇಳಿದೆ. ಕಾಯಂ ಆಗುವ ಗರಜು ಇದ್ದವಳು ನಾನೊಬ್ಬಳೇ ಅಲ್ಲವೆ!

ತರಬೇತಿಯಲ್ಲಿ ಕೊಟ್ಟ ಸಿ.ಡಿ.ಯನ್ನು ತಂದು, ಹೆಡ್‌ಮಾಸ್ತರರನ್ನು ಒಪ್ಪಿಸಿ, ಒಂಬತ್ತನೇ ಕ್ಲಾಸಿಗೆ ಹಾಕಿದೆ. ಸುಣ್ಣದ ಕಲ್ಲಿನ ಪಾಠ. ಬೆಂಗಳೂರಿನ ಯಾವಳೋ ಹೆಣ್ಣುಮಗಳು ಸಕ್ಕರೆಯಂಥ ದನಿಯಲ್ಲಿ "ನೋಡಿದಿರಾ ಮಕ್ಕಳೇ" ಎನ್ನುತ್ತಿದ್ದಳು. ಮಕ್ಕಳು ಬಾಯಿ ತೆರೆದು ನೋಡಿದವು. ಮುಗಿದ ಮೇಲೆ ಏನು ತಿಳಿಯಿತೆಂದು ಕೇಳಿದರೆ, "ಆಕಿ ಸೀರಿ ಛಲೋ ಇತ್ರಿ" ಅಂದವು. ಅಯ್ಯೋ ನನ್ನ ಕರ್ಮವೇ! ಅವು ಕೂತಿದ್ದೇ ಸುಣ್ಣದ ಕಲ್ಲಿನ ಮೇಲೆ, ನೆಲಕ್ಕೆ ಹಾಸಿದ ನಮ್ಮೂರ ಫರಸಿಯ ಮೇಲೆ. ಮರುದಿನ ಅವಳ ದನಿ ಬಂದ್ ಮಾಡಿದೆ. ನೆಲದ ಮೇಲೆ ನಾಲ್ಕು ಹನಿ ಆಮ್ಲ ಬಿಟ್ಟೆ. ಚೊಂಯ್ ಎಂದು ಗುಳ್ಳೆ ಎದ್ದವು. ಆಮೇಲೆ ಕಣ್ಣಿಗೆ ಕಾಣದ್ದನ್ನು, ಗುಳ್ಳೆಯೊಳಗೆ ಏನಿದೆ ಎನ್ನುವುದನ್ನು, ಪರದೆಯ ಮೇಲೆ ತೋರಿಸುತ್ತಾ ನಮ್ಮ ಮಾತಿನಲ್ಲೇ ಹೇಳಿದೆ. ಹಿಂದಿನ ಸಾಲಿನವೂ ಎದ್ದು ಬಂದು ಬಗ್ಗಿ ನೋಡಿದವು.

ಹೆಡ್‌ಮಾಸ್ತರರು ಖುಷಿಯಾದರು. "ಟೀಚರ್, ಹಿಂಗ ಇಡೀ ಪುಸ್ತಕಕ್ಕ ನಿಮ್ಮ ದನಿ ತುಂಬಿಬಿಡ್ರಿ. ಬಿ ಸೆಕ್ಷನ್ನಿಗೂ ಆಗತದ. ಸಾವ್ಕಾರ್ರಿಗಿ ತೋರಸೂಣು, ಈ ಸಲ ನೀವು ಕಾಯಂ ಆದ್ರಿ ಅಂತ ತಿಳ್ಕೋರಿ" ಎಂದರು. ಸಾವ್ಕಾರರೆಂದರೆ ಅಧ್ಯಕ್ಷರು, ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯವರು. ರಜೆ ಪೂರ್ತಿ ವಾಡಿಯಿಂದ ಪ್ಯಾಸೆಂಜರ್ ಗಾಡಿ ಹಿಡಿದು ಬಂದು, ಬಿಕೋ ಎನ್ನುವ ಕೋಣೆಯಲ್ಲಿ ಮೈಕಿನ ಮುಂದೆ ಕೂತು ಒದರಿದೆ. ಮಕ್ಕಳು ಎಲ್ಲೆಲ್ಲಿ ಎಡವುತ್ತವೆಂದು ನನಗೆ ಗೊತ್ತು. ಅಲ್ಲೆಲ್ಲ ಪ್ರಶ್ನೆ ಕೇಳಿ, ಉತ್ತರ ಹೇಳಲು ಜಾಗ ಬಿಟ್ಟೆ. ತಪ್ಪು ಹೇಳಿದರೆ ತಡೆದು ತಿದ್ದಲು ಟೀಚರ್ ಪಕ್ಕದಲ್ಲಿ ನಿಂತೇ ಇರಬೇಕು ಎಂದು ಹೆಡ್‌ಮಾಸ್ತರರಿಗೆ ಹೇಳಿದ್ದೆ. ಅವರು ಹೂಂ ಎಂದು ತಲೆ ಅಲ್ಲಾಡಿಸಿದ್ದರು.

ಅಧ್ಯಕ್ಷರು ಬಂದರು. ಚಪ್ಪಲಿ ಬಿಟ್ಟು, ಕಂಪ್ಯೂಟರಿಗೆ ಕೈಮುಗಿದು ಕೂತರು. ಪಾಠ ಪೂರಾ ಕೇಳಿದರು.

"ಈ ದನಿ ನಿಂದೇ ಏನವಾ ತಂಗಿ?"

"ಹೌದ್ರಿ."

"ಇಡೀ ಪುಸ್ತಕ ತುಂಬೀದಿ?"

"ಪೂರಾ ತುಂಬೀನ್ರಿ." ಹಲ್ಲು ಕಾಣುವಂತೆ ನಕ್ಕೆ.

"ಭಾಳ ಛಲೋ ಆತು" ಎಂದವರೇ ಹೆಡ್‌ಮಾಸ್ತರರ ಕಡೆ ತಿರುಗಿದರು. "ಮತ್ತ ಮುಂದಿನ ವರ್ಸ ಇವ್ರು ಯಾಕ ಬೇಕ್ರಿ?"

ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡು ಮತ್ತೂ ನಕ್ಕೆ. ಅವರು ನಗಲಿಲ್ಲ.

"ನನ್ನ ಕಾರ್ಖಾನ್ಯಾಗ ಪಾಲಿಶ್ ಮಷಿನ್ ಬಂದ ಮ್ಯಾಲ ಕೈಲೆ ತಿಕ್ಕೋರನ್ನ ಮನಿಗಿ ಕಳಿಸಿದೆ. ಮಷಿನ್ನೂ ಇಟ್ಕೊಂಡು ಮಂದೀನೂ ಇಟ್ಕೊಂಡ್ರ ನನಗ ಹುಚ್ಚ ಅಂತಾರ."

"ಸಾವ್ಕಾರ್ರ, ಅದು ಬರೇ ಮಾತಾಡತದ್ರಿ. ಮಕ್ಕಳು ಏನಂದ್ರು ಅಂತ ಅದಕ್ಕ ಕೇಳಂಗಿಲ್ಲ."

"ಮಕ್ಕಳ ಮಾತ ಕೇಳಲಿಕ್ಕ ಸಾಲಿ ತಗದೀನೇನವಾ? ಮಕ್ಕಳು ಕೇಳಬೇಕು."

ಸಿಟ್ಟಿನಿಂದ ಹೇಳಿದ್ದಲ್ಲ, ಅದೇ ನನ್ನ ಹೊಟ್ಟೆ ಉರಿಸಿದ್ದು. ಮಗಳಿಗೆ ಬುದ್ಧಿ ಹೇಳುವ ಹಾಗೆ ಹೇಳಿ, ನನ್ನ ತಲೆ ಮುಟ್ಟಿ ಎದ್ದು ಹೋದರು. ನಾನು ಹೆಡ್‌ಮಾಸ್ತರರನ್ನು ನೋಡಿದೆ. ಅವರು ಕಂಪ್ಯೂಟರಿನ ಮೇಲೆ ಬಟ್ಟೆ ಸರಿಯಾಗಿ ಹೊದಿಸುತ್ತಿದ್ದರು.

"ನನ್ನ ದನಿ ಅಳಿಸಿ ಹೋಗ್ತೀನಿ" ಎಂದೆ.

"ಸಾಲಿ ಕಂಪ್ಯೂಟರ್, ಸಾಲಿ ಮೈಕು" ಎಂದರು ಅವರು, ಮುಖ ಎತ್ತದೆ. "ದನಿ ಅಷ್ಟೇ ನಿಮ್ದು. ಅದು ನಿಮ್ಮ ಗಂಟಲದಾಗ ಅದ ಅಲ್ರಿ, ತಗೊಂಡು ಹೋಗ್ರಿ."

ಆ ಮನುಷ್ಯನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಅಪ್ಪ ನಿವೃತ್ತರಾದರು, ಕ್ವಾರ್ಟರ್ಸ್ ಬಿಟ್ಟೆವು. ಚಿಕ್ಕಪ್ಪನ ಪಡಸಾಲೆಯಲ್ಲಿ ಟ್ರಂಕು ಇಳಿಸುತ್ತಿದ್ದಂತೆ ಚಿಕ್ಕಮ್ಮ, "ಕಲತಾಕಿ ಬಂದಾಳ, ಇನ್ನ ನೀರಿನ ಚಿಂತಿ ಇಲ್ಲ" ಎಂದು ಕೊಡ ಮುಂದಿಟ್ಟಳು. ಅಪ್ಪ ಗೋಡೆಯ ಕಡೆ ಮುಖ ಮಾಡಿ ಕೂತರು.

ಮುಂದಿನ ವರ್ಷ ಸೇಡಂನಲ್ಲಿ ಒಂದು ಶಾಲೆಯವರು, ಹಿಂದೆ ಕಲಿಸಿದ್ದಕ್ಕೆ ಪ್ರಮಾಣಪತ್ರ ತಂದರೆ ನೋಡೋಣ ಎಂದರು. ಅದಕ್ಕಾಗಿ ಶಹಾಬಾದಿಗೆ ಹೋದೆ. ಆಫೀಸಿನ ಮೆಟ್ಟಿಲು ಹತ್ತುವಾಗ ಕಂಪ್ಯೂಟರ್ ಕೋಣೆಯಿಂದ ನನ್ನ ದನಿ ಕೇಳಿಸಿತು. ಕಿಟಕಿಯಲ್ಲಿ ಇಣುಕಿದೆ. ಒಂಬತ್ತನೇ ಕ್ಲಾಸಿನವು ಸಾಲಾಗಿ ಕೂತಿದ್ದವು, ಹೋದ ವರ್ಷ ಎಂಟರಲ್ಲಿ ನನ್ನ ಮುಂದೆ ಕೂತವೇ. ದೊಡ್ಡವರು ಒಬ್ಬರೂ ಇರಲಿಲ್ಲ, ಗುಂಡಿ ಒತ್ತಿ ಹೋಗಿಬಿಟ್ಟಿದ್ದರು.

"ಈಗ ಹೇಳ್ರಿ ನೋಡೂಣು" ಎನ್ನುತ್ತಿದ್ದೆ ನಾನು ಒಳಗೆ. "ಈ ಗುಳ್ಳಿಯೊಳಗಿನ ಗಾಳ್ಯಾಗ ಉರಿಯೋ ಕಡ್ಡಿ ಹಿಡಿದ್ರ ಏನಾಗತದ?"

"ಭಗ್ಗಂತ ಜೋರ ಉರಿತದ್ರೀ!" ಇಡೀ ಕ್ಲಾಸು ಒಂದೇ ದನಿಯಲ್ಲಿ ಕೂಗಿತು.

"ಶಾಭಾಸ್! ಬರೋಬ್ಬರಿ ಹೇಳಿದ್ರಿ."

ಮಕ್ಕಳ ಮುಖ ಅರಳಿದವು. ಅಷ್ಟೂ ತಲೆಗಳು ಬಗ್ಗಿ ಅದನ್ನೇ ಬರೆದುಕೊಳ್ಳತೊಡಗಿದವು. ನನಗೆ ತಡೆಯಲಾಗಲಿಲ್ಲ. ಕಿಟಕಿಯ ಸರಳು ಹಿಡಿದು, "ಇಲ್ಲ! ಉರಿಯಂಗಿಲ್ಲ, ಆರತದ! ಕಡ್ಡಿ ಆರಿ ಹೋಗತದ!" ಎಂದು ಕಿರುಚಿದೆ.

ಮುಂದೆ ಕೂತಿದ್ದ ಹುಡುಗಿ ತಿರುಗಿ ನೋಡಿದಳು. ನನ್ನ ಗುರುತು ಹಿಡಿದು, ಎದ್ದು ನಿಂತು ಕೈಮುಗಿದು, ತುಟಿಯ ಮೇಲೆ ಬೆರಳಿಟ್ಟಳು.

"ಸ್ವಲ್ಪ ತಡೀರಿ ಟೀಚರ್" ಎಂದಳು ಮೆಲ್ಲಗೆ. "ಟೀಚರ್ ಹೇಳಲಿಕತ್ತಾರ."