ಮಾವನ ಹ್ಯಾಂಡಲ್

ಶೆಟ್ಟಿಹಳ್ಳಿಯ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಯಾರಾದರೂ ಕಾರು ಸ್ಟಾರ್ಟ್ ಮಾಡಿದರೆ, ಇಂಜಿನ್ನು ಹತ್ತಿಕೊಳ್ಳುವ ಮೊದಲು ಮೋಟಾರು ಒಂದು ಗಳಿಗೆ ಕುರ್ರೆನ್ನುತ್ತದಲ್ಲ, ಆ ಸದ್ದಿಗೆ ನಾನು ಈಗಲೂ ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತೇನೆ. ಅದರ ಹಿಂದೆಯೇ ಗುಬ್ಬಿಯ ಮನೆಯ ಅಂಗಳ ಬರುತ್ತದೆ. ಅಮ್ಮ ಆಗಷ್ಟೇ ಸಾರಿಸಿದ ಸಗಣಿಯ ವಾಸನೆ, ಅದರ ಮೇಲೆ ಪೆಟ್ರೋಲಿನ ವಾಸನೆ, ಕಾರಿನ ಮುಂದೆ ಬಗ್ಗಿ ನಿಂತ ರಂಗಣ್ಣ ಮಾವನ ಬೆನ್ನು. ಆ ಅಂಗಳ ಈಗ ಇಲ್ಲ. ಆ ಬೆನ್ನೂ ಇಲ್ಲ.

ಅಪ್ಪ ಗುಬ್ಬಿಯಲ್ಲಿ ಡಾಕ್ಟರಾಗಿದ್ದರು. ಅವರ ಕಾರು ನನಗಿಂತ ಹಳೆಯದು. ಅದರ ಸ್ಟಾರ್ಟರ್ ಮೋಟಾರು ಯಾವಾಗ ಸತ್ತಿತೋ ನನಗೆ ತಿಳಿಯದು. ನನಗೆ ನೆನಪು ಬರುವ ಹೊತ್ತಿಗಾಗಲೇ ಮುಂದಿನ ತೂತಿನಲ್ಲಿ ಕಬ್ಬಿಣದ ಹ್ಯಾಂಡಲ್ ಇಟ್ಟು ತಿರುಗಿಸಿಯೇ ಅದನ್ನು ಎಬ್ಬಿಸಬೇಕಿತ್ತು. ಆ ಕೆಲಸ ರಂಗಣ್ಣ ಮಾವನದು. ಅವರು ಅಮ್ಮನ ಅಣ್ಣ, ಮದುವೆಯಾಗದವರು, ನಾನು ಹುಟ್ಟುವ ಮೊದಲೇ ನಮ್ಮ ಮನೆಗೆ ಬಂದು ಉಳಿದವರು. ತಂಗಿಯ ಮನೆಯಲ್ಲಿ ಇದ್ದೇನೆ ಎಂಬ ಸಂಕೋಚ ಅವರನ್ನು ಬಿಟ್ಟಿರಲಿಲ್ಲ. ಎರಡನೇ ಸಲ ಮುದ್ದೆ ಕೇಳುತ್ತಿರಲಿಲ್ಲ; ಅಮ್ಮನೇ ನೋಡಿ ಬಡಿಸಬೇಕಿತ್ತು. ಆದರೆ ಹ್ಯಾಂಡಲ್ ಹಿಡಿದರೆ ಅವರು ಬೇರೆಯೇ ಮನುಷ್ಯ. ಹಳೆಯ ಪಂಚೆಯ ಚೂರಿನಿಂದ ಅದನ್ನು ಒರೆಸಿ, ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಸೇರಿಸಿ ಹಿಡಿದು, ಮೊದಲು ಅರ್ಧ ಸುತ್ತು ಮೆಲ್ಲಗೆ ತಿರುಗಿಸಿ, ಇಂಜಿನ್ನಿನ ಬಿಗಿ ಕೈಗೆ ತಗುಲಿದ ಮೇಲೆ ಒಮ್ಮೆಗೇ ಮೇಲಕ್ಕೆಳೆಯುತ್ತಿದ್ದರು. ಗಾಡಿ ನಡುಗಿ ಎಚ್ಚರವಾಗುತ್ತಿತ್ತು. "ನಿಮ್ಮಪ್ಪ ಬರೀ ಜನಕ್ಕೆ ಡಾಕ್ಟ್ರು ಕಣೇ ಪುಟ್ಟಿ. ಈ ಗಾಡಿಗೆ ಡಾಕ್ಟ್ರು ನಾನು" ಎನ್ನುತ್ತಿದ್ದರು. ಹೋದ ಊರಿನಲ್ಲೂ ಅದನ್ನು ಮತ್ತೆ ಎಬ್ಬಿಸಬೇಕಲ್ಲ, ಹಾಗಾಗಿ ಅಪ್ಪ ಹೋದ ಕಡೆಗೆಲ್ಲ ಮಾವ ಮುಂದಿನ ಸೀಟಿನಲ್ಲಿ ಕೂತು ಹೋಗುತ್ತಿದ್ದರು. ಅಪ್ಪ ಒಳಗೆ ರೋಗಿಯನ್ನು ನೋಡುವಾಗ ಮಾವ ಜಗಲಿಯಲ್ಲಿ ಕೂತು ಎಳನೀರು ಕುಡಿದು, ಆ ಮನೆಯ ಎಮ್ಮೆ ಕರು ಹಾಕಿದ್ದು, ಮಗಳಿಗೆ ಗಂಡು ಗೊತ್ತಾದದ್ದು ಎಲ್ಲ ಕೇಳಿಕೊಂಡು ಬರುತ್ತಿದ್ದರು. ಅಪ್ಪನಿಗೆ ಕಾಯಿಲೆಗಳು ಗೊತ್ತಿದ್ದವು. ಹೆಸರುಗಳು ಗೊತ್ತಿದ್ದದ್ದು ಮಾವನಿಗೆ.

ಒಂದು ದಿನ ಸಿ.ಎಸ್. ಪುರದಲ್ಲಿ ಹ್ಯಾಂಡಲ್ ಹಿಂದಕ್ಕೆ ಒದ್ದು ಮಾವನ ಮಣಿಕಟ್ಟು ಊದಿಕೊಂಡಿತು. ಪಕ್ಕದ ಹಳ್ಳಿಯಲ್ಲಿ ಹೆರಿಗೆ ಕಷ್ಟವಾಗಿ ಒಬ್ಬ ಹೆಂಗಸು ಅಪ್ಪನಿಗಾಗಿ ಕಾಯುತ್ತಿದ್ದಳು. ಊರವರು ಸೇರಿ ಗಾಡಿ ತಳ್ಳಿ, ಅದು ಹತ್ತಿಕೊಳ್ಳುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ತಾಯಿ ಮಗು ಇಬ್ಬರೂ ಉಳಿದರು. ಆದರೂ ಮಾವ ಆ ಸಂಜೆ ಊಟಕ್ಕೆ ಏಳಲಿಲ್ಲ. ಅಪ್ಪ ಅವರ ಕೈಗೆ ಪಟ್ಟಿ ಸುತ್ತುತ್ತಾ, "ಈ ವಯಸ್ಸಲ್ಲಿ ನಿಮಗೆ ಈ ಕಷ್ಟ ಸಾಕು ಭಾವ, ಮೋಟ್ರು ಹಾಕಿಸ್ಬಿಡೋಣ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಹೊಸ ಮಾದರಿಯ ಕಾರೊಂದರಿಂದ ಬಿಚ್ಚಿದ ಮೋಟಾರನ್ನು ತುಮಕೂರಿನ ಗೌಸ್ ಸಾಬರು ತಮ್ಮ ಗ್ಯಾರೇಜಿನಲ್ಲಿ ಜೋಡಿಸಿದರು. ನಾನೂ ಹೋಗಿದ್ದೆ, ನನ್ನ ಮೊದಲ ಕನ್ನಡಕ ಅಂದೇ ಕೈಗೆ ಬಂದಿತ್ತು. ಅದಕ್ಕೇ ಇರಬೇಕು, ಆ ಮಧ್ಯಾಹ್ನ ನನಗೆ ಅಷ್ಟು ನಿಚ್ಚಳವಾಗಿ ನೆನಪಿದೆ. ಬೋಲ್ಟಿನ ತೂತುಗಳನ್ನು ಅರದಿಂದ ಉಜ್ಜಿ ಹಿಗ್ಗಿಸಿ ಕೂರಿಸಿದ್ದಾಯಿತು. ಆದರೆ ಡ್ಯಾಶ್‌ಬೋರ್ಡಿನಲ್ಲಿದ್ದ ಸ್ಟಾರ್ಟರ್ ನಾಬ್ ಎಳೆದರೆ ಮೋಟಾರು ಒಮ್ಮೆ ಇಂಜಿನ್ನನ್ನು ತಿರುಗಿಸುತ್ತಿತ್ತು, ಮತ್ತೆರಡು ಸಲ ಹಲ್ಲು ಕಡಿದು ಸುಮ್ಮನೆ ಕಿರುಚುತ್ತಿತ್ತು. ಸಾಬರು ಕೈ ಒರೆಸಿಕೊಂಡರು. "ಹಳೇ ಗಾಡಿಗೆ ಹೊಸ ಮೋಟ್ರು ಒಗ್ತಾ ಇಲ್ಲ ಡಾಕ್ಟ್ರೇ. ಬಿಚ್ಬುಡ್ತೀನಿ. ಹೆಂಗೂ ರಂಗಣ್ಣೋರು ಅವ್ರಲ್ಲ!" ಅಪ್ಪ "ಹಾಗಾದ್ರೆ ಬಿಡಿ" ಎಂದೇಬಿಟ್ಟರು.

ಮಾವ ಮರದ ಪೆಟ್ಟಿಗೆಯ ಮೇಲೆ ಕೂತಿದ್ದರು. ಪಟ್ಟಿ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ಅವರು ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ಮೋಟ್ರು ಸರಿಯಾಗೈತೆ ಸಾಬ್ರೇ," ಎಂದರು. "ಈ ಇಂಜಿನ್ನು ಆಫಾದ್ರೆ ಯಾವಾಗ್ಲೂ ಎರಡೇ ಜಾಗದಲ್ಲಿ ನಿಲ್ಲೋದು. ಹ್ಯಾಂಡ್ಲು ಹಾಕ್ದೇಟ್ಗೆ ನಂಗೆ ಗೊತ್ತಾಯ್ತದೆ. ಹಳೇ ಮೋಟ್ರು ಕಚ್ಚಿ ಕಚ್ಚಿ ಆ ಎರಡು ಕಡೆ ಇಂಜಿನ್ ಗಾಲಿ ಹಲ್ಲು ಸವ್ದಿರ್ತವೆ, ನೋಡಿ." ಸಾಬರು ಇಂಜಿನ್ನಿನ ಹಿಂದಿನ ದೊಡ್ಡ ಗಾಲಿಯನ್ನು ಬಿಚ್ಚಿ ನೋಡಿದರು. ಅದರ ಸುತ್ತಲಿನ ಹಲ್ಲಿನ ಬಳೆ ಸರಿಯಾಗಿ ಎದುರುಬದುರಾಗಿ ಎರಡು ಕಡೆ ಸವೆದಿತ್ತು. "ಎತ್ತಿನಗಾಡಿ ಚಕ್ರದ ಪಟ್ಟಿ ಹಂಗೆ ಆ ಬಳೆನ ಕಾಯ್ಸಿ, ಒಂಚೂರು ತಿರುಗ್ಸಿ ಕೂರ್ಸಿ. ಒಳ್ಳೆ ಹಲ್ಲು ಆ ಜಾಗಕ್ಕೆ ಬತ್ತವೆ" ಎಂದರು ಮಾವ. ಸಾಬರು ನಕ್ಕರು: "ರಂಗಣ್ಣ, ನಿನ್ ಕೆಲ್ಸ ನೀನೇ ಕಳ್ಕೋತಾ ಇದೀಯಲ್ಲೋ!" ಮಾವ ನಗಲಿಲ್ಲ. "ಅವತ್ತಿನ ಹಂಗೆ ಇನ್ನೊಂದ್ಸಲ ಆಗ್ಬಾರ್ದು" ಎಂದರು.

ಸಾಬರು ಹಾಗೆಯೇ ಕೂರಿಸಿಕೊಟ್ಟರು; ಮರುದಿನದಿಂದ ಗಾಡಿ ನಾಬಿನ ಒಂದೇ ಎಳೆತಕ್ಕೆ ಏಳತೊಡಗಿತು. ಮೊದಲ ಬೆಳಿಗ್ಗೆ ಮಾವ ಅಭ್ಯಾಸದಂತೆ ಮುಂದೆ ನಿಂತಿದ್ದರು; "ಪಕ್ಕಕ್ಕೆ ಬನ್ನಿ ಭಾವ" ಎಂದು ಅಪ್ಪ ಕೂಗಬೇಕಾಯಿತು. ಕೆಲವು ದಿನ ಮುಂದಿನ ಸೀಟಿನಲ್ಲಿ ಕೂತು ಹೋದರು. ಆಮೇಲೆ ಒಂದು ದಿನ ಅಲ್ಲಿ ರೋಗಿಯ ಕಡೆಯವರು ಕೂತರು, ಇನ್ನೊಂದು ದಿನ ಔಷಧಿಯ ಪೆಟ್ಟಿಗೆ. ಬರಬೇಡಿ ಎಂದು ಯಾರೂ ಹೇಳಲಿಲ್ಲ. ಬನ್ನಿ ಎಂದೂ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಗಾಡಿ ಹೋದ ಮೇಲೆ ಅಂಗಳದಲ್ಲಿ ಒಬ್ಬರೇ ನಿಂತಿರುತ್ತಿದ್ದರು. ಆ ವರ್ಷ ಕಳೆಯುವ ಮೊದಲೇ, ಮಾರ್ಕೋನಹಳ್ಳಿಯಲ್ಲಿ ನೆಂಟರ ತೆಂಗಿನ ತೋಟಕ್ಕೆ ನೀರು ಕಟ್ಟಲು ಆಳಿಲ್ಲವಂತೆ ಎಂದು ಹೇಳಿ, ಒಂದು ಟ್ರಂಕು ಹಿಡಿದು ಕುಣಿಗಲ್ ಬಸ್ಸು ಹತ್ತಿದರು. ಅಮ್ಮ ಒಲೆಯ ಮುಂದೆ ಕೂತು ಅತ್ತಳು.

ಕೆಲವು ವರ್ಷಗಳ ನಂತರ ಅಪ್ಪ ಮತ್ತು ನಾನು ಅದೇ ಕಾರಿನಲ್ಲಿ ಅವರನ್ನು ನೋಡಲು ಹೋದೆವು. ಮಾವ ಸೊರಗಿ ಇಳಿದುಹೋಗಿದ್ದರು. ಹೊರಡುವಾಗ ಅಪ್ಪ ಸೀಟಿನಲ್ಲಿ ಕೂತು, ಡ್ಯಾಶ್‌ಬೋರ್ಡಿನ ಮೇಲೆ ಕೈಯಾಡಿಸಿ, "ಯಾಕೋ ಮೋಟ್ರು ಕೈ ಕೊಡ್ತಾ ಇದೆ ಭಾವ. ಒಂದ್ಸಲ ಹ್ಯಾಂಡ್ಲು ಹೊಡೀತೀರಾ?" ಎಂದರು. ಪಕ್ಕದಲ್ಲೇ ಕೂತಿದ್ದ ನಾನು ನೋಡಿದೆ, ಅಪ್ಪ ನಾಬ್ ಮುಟ್ಟಿಯೇ ಇರಲಿಲ್ಲ. ಮಾವನ ಮುಖ ಅರಳಿತು. ಡಿಕ್ಕಿಯಿಂದ ಹ್ಯಾಂಡಲ್ ತೆಗೆದು, ಹೆಗಲ ಟವೆಲಿನಿಂದ ಒರೆಸಿ, ಹೆಬ್ಬೆರಳು ಪಕ್ಕಕ್ಕೆ ಸೇರಿಸಿ ಹಿಡಿದರು. ಅರ್ಧ ಸುತ್ತು ತಿರುಗಿತು. ಎಳೆದರು, ಏಳಲಿಲ್ಲ. ಇನ್ನೊಮ್ಮೆ ಎಳೆದರು. ಹಳೆಯ ಪೆಟ್ಟಿನ ಮಣಿಕಟ್ಟನ್ನು ಎಡಗೈಯಿಂದ ಒತ್ತಿಕೊಂಡರು. ಮೂರನೆಯದಕ್ಕೆ ಬಗ್ಗಿದವರು ಹಾಗೇ ನಿಂತು, ಗಾಜಿನೊಳಗೆ ಅಪ್ಪನ ಮುಖವನ್ನೊಮ್ಮೆ ನೋಡಿ, ಹ್ಯಾಂಡಲನ್ನು ಹೊರಗೆಳೆದು ಪಕ್ಕಕ್ಕೆ ಬಂದರು. "ನಾಬ್ ಎಳೀರಿ ಡಾಕ್ಟ್ರೇ," ಎಂದರು ಮೆಲ್ಲಗೆ. "ಅದು ಚೆನ್ನಾಗೇ ಐತೆ."

ಅಪ್ಪ ಎಳೆದರು. ಕುರ್ರೆಂದು ಒಂದೇ ಗಳಿಗೆ, ಗಾಡಿ ಎದ್ದಿತು. ತೋಟದ ದಾರಿ ತಿರುಗುವವರೆಗೂ ನಾನು ಹಿಂದಿನ ಗಾಜಿನಲ್ಲಿ ನೋಡುತ್ತಿದ್ದೆ. ಮಾವ ನಿಂತೇ ಇದ್ದರು. ಹ್ಯಾಂಡಲ್ ಅವರ ಕೈಯಲ್ಲೇ ಉಳಿದುಬಿಟ್ಟಿತ್ತು. "ಅಪ್ಪಾ, ಹ್ಯಾಂಡಲ್" ಎಂದೆ. ಅಪ್ಪ ಗಾಡಿ ನಿಲ್ಲಿಸಲಿಲ್ಲ. "ಇರಲಿ ಬಿಡಮ್ಮ, ಅದು ಅವರದು" ಎಂದರು.