ಎರಡನೇ ಜೊತೆ ಮೊರ

ಮಧುಗಿರಿಯ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಕೂತು ಕ್ರಯಪತ್ರ ಬರೆಯುವುದು ನನ್ನ ಕಸುಬು. ಆದ್ದರಿಂದ ಜಮೀನಿನ ಬ್ರೋಕರ್‌ಗಳೆಂದರೆ ನನಗೆ ಅಷ್ಟಕ್ಕಷ್ಟೆ. ಹತ್ತಕ್ಕೆ ಬರುತ್ತೇನೆಂದು ಹೇಳಿ ಮಧ್ಯಾಹ್ನ ಊಟ ಮುಗಿಸಿಕೊಂಡು ಬರುವ ಜನ ಅವರು. ಬಂದವರೇ ‘ಇನ್ನೂ ಬರೆದಿಲ್ವಾ ಸ್ವಾಮಿ’ ಎಂದು ನನ್ನ ಮೇಲೇ ರೇಗುತ್ತಾರೆ. ವನಜಾಕ್ಷಿ ಒಬ್ಬಳು ಹಾಗಲ್ಲ. ಹೇಳಿದ ಹೊತ್ತಿಗಿಂತ ಮೊದಲೇ ಬಂದು ನನ್ನ ಬೆಂಚಿನ ಮೇಲೆ ಕೂತಿರುತ್ತಾಳೆ. ಅದು ಇನ್ನೂ ದೊಡ್ಡ ಹಿಂಸೆ.

ಈ ವ್ಯವಹಾರ ಮೊದಲು ಅವಳ ಗಂಡ ಲಕ್ಷ್ಮೀಪತಿಯದು. ಅವನು ನನ್ನ ಗೆಳೆಯ, ಅದಕ್ಕೇ ಧೈರ್ಯವಾಗಿ ಹೇಳುತ್ತೇನೆ: ಬಸ್ ಸ್ಟ್ಯಾಂಡಿನ ಬೇಕರಿಯೇ ಅವನ ಆಫೀಸಾಗಿತ್ತು. ಬೆಳಿಗ್ಗೆ ಹೋಗಿ ಕೂತರೆ ಸಂಜೆಯವರೆಗೆ ಟೀ, ಪೇಪರು, ರಾಜಕೀಯ. ಮಾರುವವನೂ ಕೊಳ್ಳುವವನೂ ಅಲ್ಲಿಗೇ ಹುಡುಕಿಕೊಂಡು ಬರುತ್ತಿದ್ದರು. ಆಮೇಲೆ ಜನ ಜಮೀನನ್ನು ಮೊಬೈಲಿನಲ್ಲೇ ನೋಡತೊಡಗಿದರು. ಪಾವಗಡದ ಕಡೆ ಸೋಲಾರಿನವರು ಹೊಲ ಕೊಳ್ಳದೆ ವರ್ಷದ ಬಾಡಿಗೆಗೆ ಹಿಡಿದರು. ಪಹಣಿ, ಖಾತೆ ಎಲ್ಲ ಕಂಪ್ಯೂಟರಿಗೆ ಹೋಯಿತು, ನೋಂದಣಿಗೂ ಆನ್‌ಲೈನಿನಲ್ಲಿ ಸ್ಲಾಟ್ ಹಿಡಿಯಬೇಕಾಯಿತು. ಲಕ್ಷ್ಮೀಪತಿ ಮಾತ್ರ ಬೇಕರಿಯಲ್ಲೇ ಕೂತಿದ್ದ.

ಅವನನ್ನು ಅಲ್ಲಿಂದ ಎಬ್ಬಿಸಿದ್ದು ಒಂದು ಕೇಸು. ನಾಗಲಿಂಗಯ್ಯ ಎಂಬ ನಿವೃತ್ತ ಕಂಡಕ್ಟರ್ ಅವನ ಮೂಲಕ ಊರ ಹೊರಗೆ ಒಂದು ತುಂಡು ಜಮೀನು ಕೊಂಡಿದ್ದರು. ಮಾರಿದ ಅಣ್ಣತಮ್ಮಂದಿರೆಲ್ಲ ಸಹಿ ಹಾಕಿದ್ದರು. ಪಾಯ ಹಾಕಿದ ಮೇಲೆ, ಯಾರೂ ಹೆಸರೆತ್ತದ ಅವರ ಅಕ್ಕ ಒಬ್ಬಳು ಕೋರ್ಟಿನಿಂದ ತಡೆಯಾಜ್ಞೆ ತಂದಳು. ಮನೆ ಅಲ್ಲಿಗೇ ನಿಂತಿತು. ನಾಗಲಿಂಗಯ್ಯ ಜಗಳ ಆಡುವವರಲ್ಲ. ಕೇಸಿನ ದಿನ ಕೋರ್ಟಿಗೆ ಬಂದವರು ಲಕ್ಷ್ಮೀಪತಿಯ ಮನೆ ಜಗಲಿಯ ಮೇಲೆ ಕೂತು, ಒಂದು ಲೋಟ ನೀರು ಕುಡಿದು ಎದ್ದು ಹೋಗುತ್ತಾರೆ. ಅವರು ಬರುವುದು ಕಂಡರೆ ಲಕ್ಷ್ಮೀಪತಿ ಹಿತ್ತಲಿಗೆ ಹೋಗುತ್ತಾನೆ. ನೀರು ಕೊಡುವವಳು ವನಜಾಕ್ಷಿ.

“ಬೈದ್ರೆ ಬೈಸ್ಕೊಬಹುದು ರೈಟ್ರೇ, ಅವ್ರು ಬೈಯೋದೇ ಇಲ್ಲ,” ಎಂದಿದ್ದಳು ಒಮ್ಮೆ. “ನನ್ ಕೈಯಲ್ಲಿ ಇಂಥದ್ದು ಇನ್ನೊಂದು ಆದ್ರೆ ಬಾಗ್ಲು ಹಾಕ್ಬುಡ್ತೀನಿ.”

ಗಂಡ ಮನೆ ಹಿಡಿದ ಮೇಲೆ ಕಾರಿನ ಕೀಲಿ ಅವಳ ಕೈಗೆ ಬಂತು. ರೈತರನ್ನು ನೋಡುವುದು ಅವರು ಹೊಲಕ್ಕೆ ಹೊರಡುವ ಮುಂಚೆ. ಶಿರಾದ ಕೆಲಸಗಳೆಲ್ಲ ಒಂದು ದಿನ, ಕೊರಟಗೆರೆಯವು ಇನ್ನೊಂದು ದಿನ. ಒಂದೇ ಕೆಲಸಕ್ಕೆ ಪೆಟ್ರೋಲು ಸುಡುವವಳಲ್ಲ. ಟೀ ಕುಡಿಯೋಣ ಎಂದರೆ ‘ಆಮೇಲೆ’ ಎನ್ನುತ್ತಾಳೆ, ಆ ಆಮೇಲೆ ಇದುವರೆಗೆ ಬಂದಿಲ್ಲ. ಹೊತ್ತಿನ ವಿಷಯದಲ್ಲಿ ಇಷ್ಟು ಬಿಗಿಯಾದವಳು ಎರಡು ಕಡೆ ಮಾತ್ರ ಧಾರಾಳಿ. ನೋಂದಣಿಗೆ ಮುಂಚೆ ನನ್ನನ್ನು ಮಾರುವವರ ಮನೆಗೆ ಎಳೆದೊಯ್ದು, ಮನೆಯ ಹಿರಿಯ ಹೆಂಗಸಿಗೆ ಪತ್ರ ಓದಿ ಹೇಳಿಸುತ್ತಾಳೆ. ಇನ್ನೊಂದು, ಪ್ರತಿ ಮನೆಯಲ್ಲೂ ಒಂದು ಪ್ರಶ್ನೆ ಕೇಳುತ್ತಾಳೆ: “ಗೌರಿ ಹಬ್ಬಕ್ಕೆ ಎಷ್ಟು ಜನ ಹೆಣ್ಮಕ್ಕಳಿಗೆ ಬಾಗಿನ ಕಳಿಸ್ತೀರ?” ವಂಶವೃಕ್ಷದಲ್ಲಿ ಮಗಳ ಹೆಸರು ಬಿಟ್ಟುಹೋಗಬಹುದು, ಬಾಗಿನದಲ್ಲಿ ಬಿಡಲು ತಾಯಿಗೆ ಕೈ ಬರುವುದಿಲ್ಲ ಎನ್ನುವುದು ಅವಳ ವಾದ. ನಾನು ನಕ್ಕಿದ್ದೆ.

ಆ ದಿನ ಗೌರಿ ಹಬ್ಬಕ್ಕೆ ಇನ್ನು ಕೆಲವೇ ದಿನ ಉಳಿದಿತ್ತು. ಪಾವಗಡ ರಸ್ತೆಯ ಪಕ್ಕದ ಒಂದು ಹಳ್ಳಿಯಲ್ಲಿ ದೊಡ್ಡರಂಗಪ್ಪನವರ ವಿಧವೆ ಕೆಂಚಮ್ಮ ಗಂಡನಿಂದ ಬಂದ ಒಂದೆಕರೆ ಮಾರುವವಳಿದ್ದಳು. ಪತ್ರದಲ್ಲಿ ಅವಳ ಜೊತೆಗೆ ಮಗ ತಿಮ್ಮರಾಜು, ಮಗಳು ಮಹಾಲಕ್ಷ್ಮಮ್ಮ. ಕೊಳ್ಳುವವರು ಶಿರಾದ ಹೈಸ್ಕೂಲ್ ಮೇಷ್ಟ್ರು ಜಯಕುಮಾರ್ ಮತ್ತು ಅವರ ಹೆಂಡತಿ ಅಶ್ವಿನಿ. ಮೇಷ್ಟ್ರು ಜಮೀನು ನೋಡಿ ನೋಡಿ ಬೇಸತ್ತಿದ್ದರು. ಇವತ್ತು ಆಗದಿದ್ದರೆ ಶಿರಾ ಹತ್ತಿರದ ಲೇಔಟಿನಲ್ಲಿ ಸೈಟು ತಗೊಳ್ಳುತ್ತೇನೆ ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಸ್ಲಾಟ್ ಇದ್ದದ್ದು ಮಧ್ಯಾಹ್ನ ಮೂರಕ್ಕೆ.

ಬೆಳಿಗ್ಗೆ ನಾವು ಹೋದಾಗ ತಿಮ್ಮರಾಜು ಮನೆಯಲ್ಲಿರಲಿಲ್ಲ. ಜಗಲಿಯ ಮೇಲೆ ಹೊಸ ಮೊರಗಳು ಅರಿಶಿನ ಬಳಿಸಿಕೊಂಡು ಎಳೆಬಿಸಿಲಿಗೆ ಒಣಗುತ್ತಿದ್ದವು. ಬಾಗಿನಕ್ಕೆ ಮೊರ ಜೊತೆಯಾಗಿಯೇ ಬೇಕು, ಒಂದರಲ್ಲಿ ತುಂಬಿ ಇನ್ನೊಂದನ್ನು ಮುಚ್ಚಬೇಕು. ಅಲ್ಲಿದ್ದದ್ದು ಎರಡು ಜೊತೆ. ವನಜಾಕ್ಷಿ ಮೆಟ್ಟಿಲ ಮೇಲೇ ನಿಂತುಬಿಟ್ಟಳು. ಹಿಂದೆ ಬಂದಾಗ ಅವಳ ಪ್ರಶ್ನೆಗೆ ತಿಮ್ಮರಾಜು ‘ಒಬ್ಬಳೇ ತಂಗಿ’ ಎಂದಿದ್ದ.

“ಒಂದ್ ಜೊತೆ ಗೌರಮ್ಮನ ಮುಂದೆ ಇಡೋಕಾ ಅವ್ವ?” ಎಂದು ಕೇಳಿದಳು.

“ದೇವ್ರುದ್ದು ಒಳಗೈತೆ ಕಣವ್ವ,” ಎಂದಳು ಕೆಂಚಮ್ಮ.

ನಾನು ಪತ್ರ ಬಿಚ್ಚಿ ಓದಲು ಶುರು ಮಾಡಿದೆ. ಮಕ್ಕಳ ಹೆಸರು ಬಂದ ಕಡೆ ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡಳು. “ಇನ್ನೊಂದು ಮಂಜಿದು,” ಎಂದಳು. “ನನ್ ಕಿರೀ ಮಗಳು. ತೆಲುಗಿನೋನು, ಬೋರ್‌ವೆಲ್ ಲಾರಿ ಡ್ರೈವರ್ ಜೊತೆ ಹೋದ್ಲು, ಪಾವಗಡದ ಆಚೆ ಇದಾಳಂತೆ. ನಮ್ಮ ಯಜಮಾನ್ರು ಸತ್ಲು ಅಂತ ನೀರು ಬುಟ್ರು. ನಾನು ಮೊರ ಮಾಡ್ತೀನಿ, ತಕಂಡೋಗೋರು ಯಾರೂ ಇಲ್ಲ. ಹಬ್ಬ ಆದ್ಮ್ಯಾಲೆ ಗೊರವನಹಳ್ಳಿ ಲಕ್ಷ್ಮಮ್ಮನ ಗುಡೀಲಿ ಇಟ್ಟು ಬಸ್ ಹತ್ತುತೀನಿ.”

ಅಷ್ಟರಲ್ಲಿ ತಿಮ್ಮರಾಜು ಬೈಕಿನಲ್ಲಿ ಬಂದ. ಅವ್ವನ ಮುಖ ನೋಡಿಯೇ ಅವನಿಗೆ ಅರ್ಥವಾಯಿತು.

“ವನಜಕ್ಕ, ವಂಶವೃಕ್ಷದಾಗೆ ಎಷ್ಟು ಹೆಸ್ರವೆ ಅಷ್ಟೇ ಜನ ನಾವು. ಅವಳು ನಮ್ ಪಾಲಿಗೆ ಸತ್ತೋದ್ಲು.”

“ಸತ್ತೋದೋಳಿಗೆ ಮೊರ ಯಾಕಪ್ಪಾ ಒಣಗ್ತಾ ಐತೆ?”

“ಅದೆಲ್ಲ ನಿಂಗ್ಯಾಕೆ? ನೀನು ಬ್ರೋಕರ್ರು, ನಿನ್ ಕೆಲ್ಸ ನೋಡ್ಕ. ಮೂರು ಗಂಟೆಗೆ ನಾನು ಆಫೀಸ್ ಮುಂದೆ ಇರ್ತೀನಿ. ಅವ್ವನ ಕರ್ಕಂಬಂದ್ರೆ ಸರಿ, ಇಲ್ಲಾಂದ್ರೆ ಬ್ರೋಕರ್‌ಗಳಿಗೇನು ಬರ ಇಲ್ಲ.”

ಅವನು ಬೈಕ್ ತಿರುಗಿಸಿಕೊಂಡು ಹೋದ. ಕಾರಿನ ಪಕ್ಕ ನಿಂತು ವನಜಾಕ್ಷಿ ನನ್ನನ್ನು ಕೇಳಿದಳು, ಏನು ದಾರಿ ಎಂದು. ನಾನು ಇದ್ದದ್ದನ್ನು ಹೇಳಿದೆ. ಆ ಮಂಜಮ್ಮ ತನಗೇನೂ ಬೇಡವೆಂದು ಒಪ್ಪಿಗೆ ಪತ್ರ ಬರೆದುಕೊಟ್ಟರೆ ಇವತ್ತೇ ನೋಂದಣಿ ಮಾಡಿಸಬಹುದು. ಅದು ಗಟ್ಟಿ ದಾಖಲೆ ಅಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ. ಅವಳು ಪಾಲು ಕೇಳಿದರೆ ಎಲ್ಲ ಹೊಸದಾಗಿ ಆಗಬೇಕು, ಸ್ಲಾಟ್ ಹೋಗುತ್ತದೆ, ಮೇಷ್ಟ್ರೂ ಹೋಗುತ್ತಾರೆ. ಮೂರನೆಯ ದಾರಿಯನ್ನು ನಾನು ಹೇಳಲಿಲ್ಲ, ಇಬ್ಬರಿಗೂ ಗೊತ್ತಿತ್ತು. ಸುಮ್ಮನೆ ಮೂರಕ್ಕೆ ಆಫೀಸಿಗೆ ಹೋಗಿ ಕೂರುವುದು.

“ಹತ್ತಿ ರೈಟ್ರೇ, ಪಾವಗಡಕ್ಕೆ ಹೋಗ್ಬರೋಣ. ದಾರೀಲಿ ಒಪ್ಪಿಗೆ ಪತ್ರ ಬರೀರಿ,” ಎಂದಳು.

ಕಾರಿನ ಹಿಂದಿನ ಬಾಗಿಲು ತೆಗೆದ ಸದ್ದಾಯಿತು. ಕೆಂಚಮ್ಮ ಒಂದು ಜೊತೆ ಮೊರ ಎದೆಗವುಚಿಕೊಂಡು ಒಳಗೆ ಕೂತಿದ್ದಳು. ಅಕ್ಕಿ, ಬೇಳೆ, ಬೆಲ್ಲ, ಬಳೆ, ಕುಪ್ಪಸದ ಕಣ, ಕೈಗೆ ಸಿಕ್ಕಿದ್ದೆಲ್ಲ ಅದರೊಳಗೆ ತುಂಬಿದ್ದಳು. “ಊರಿನ ಹೆಸ್ರು ನಂಗೊತ್ತೈತೆ,” ಎಂದಳು.

ಆ ದಾರಿಯನ್ನು ನಾನು ಎಷ್ಟೋ ಸಲ ಹೋಗಿದ್ದೇನೆ, ಅಷ್ಟು ಉದ್ದ ಯಾವತ್ತೂ ಅನಿಸಿರಲಿಲ್ಲ. ಹಾಳೆಯನ್ನು ತೊಡೆಯ ಮೇಲಿಟ್ಟು ಒಪ್ಪಿಗೆ ಪತ್ರ ಬರೆದೆ, ಅಕ್ಷರ ಕಾರಿನ ಜೊತೆ ಕುಣಿಯುತ್ತಿತ್ತು. ಮೇಷ್ಟ್ರ ಫೋನ್ ಬಂತು, ಶಾಲೆಗೆ ರಜಾ ಹಾಕಿ ಹೊರಟಿದ್ದಾರಂತೆ. “ಬನ್ನಿ ಸರ್,” ಎಂದಷ್ಟೇ ಹೇಳಿ ಇಟ್ಟಳು. ಆಮೇಲೆ ಲಕ್ಷ್ಮೀಪತಿಯದು. ತಿಮ್ಮರಾಜು ಅವನಿಗೂ ಊದಿದ್ದ. “ಪೇಪರ್ ಸರಿ ಇದ್ರೆ ನಿಂಗ್ಯಾಕೆ ಬೇಕೇ ಊರ ಉಸಾಬರಿ?” ಎನ್ನುತ್ತಿದ್ದದ್ದು ನನಗೂ ಕೇಳಿಸಿತು. “ನಾಗಲಿಂಗಯ್ಯನೋರಿಗೆ ಮುಂದಿನ ಸಲ ನೀವೇ ನೀರು ಕೊಡಿ, ಆಮೇಲೆ ಹೇಳಿ,” ಎಂದು ಫೋನ್ ಇಟ್ಟಳು. ನನಗೆ ಅವಳ ಮೇಲೆ ಸಿಟ್ಟು ಬಂತು, ಅಯ್ಯೋ ಎಂದೂ ಅನಿಸಿತು.

ಪಾವಗಡ ದಾಟಿ, ಆಂಧ್ರದ ಗಡಿಗೆ ಅಂಟಿಕೊಂಡ ಊರಿನಲ್ಲಿ ಮನೆ ಹುಡುಕುವಾಗ ಹನ್ನೆರಡು ಮೀರಿತ್ತು. ಮಂಜಮ್ಮ ಅಂಗಳದಲ್ಲಿ ಕಡಲೆಕಾಯಿ ಹರವುತ್ತಿದ್ದಳು. ಕಾರಿನಿಂದ ಇಳಿದ ತಾಯಿಯನ್ನು ಕಂಡು ಎದ್ದಳು. ಮುಂದೆ ಬರಲಿಲ್ಲ, ಒಳಗೂ ಹೋಗಲಿಲ್ಲ.

ಕೆಂಚಮ್ಮ ಮೊರವನ್ನು ವನಜಾಕ್ಷಿಯ ಕೈಗೆ ಕೊಟ್ಟು ಹಿಂದೆ ಸರಿದಳು. “ನಾನು ಗಂಡ ಇಲ್ಲದೋಳು, ಬಾಗಿನ ಕೊಡಂಗಿಲ್ಲ. ನೀನು ಮುತ್ತೈದೆ, ನೀನ್ ಕೊಡವ್ವ.”

ವನಜಾಕ್ಷಿಯ ಒಂದು ಕೈಯಲ್ಲಿ ಆಗಲೇ ಒಪ್ಪಿಗೆ ಪತ್ರವಿತ್ತು. ಹೊತ್ತು ಉಳಿಸುವ ಅಭ್ಯಾಸ ನೋಡಿ, ಇಳಿಯುವಾಗಲೇ ಅದನ್ನು ನನ್ನಿಂದ ಕಿತ್ತುಕೊಂಡಿದ್ದಳು. ಈಗ ಮೊರದ ಮೇಲೆ ಕಾಗದ, ಕಾಗದದ ಮೇಲೆ ಹೆಬ್ಬೆರಳು. ಮಂಜಮ್ಮ ಅದನ್ನೇ ನೋಡಿದಳು.

“ಏಮಮ್ಮಾ, ಇದೇನಿದು ಕಾಗ್ದ? ಸೈನ್ ಬೇಕಾ?” ಎಂದಳು. ಅವಳ ಕನ್ನಡದೊಳಗೆ ತೆಲುಗು ಸೇರಿಹೋಗಿತ್ತು. “ಇಷ್ಟು ವರ್ಸ ಇಲ್ಲದ ಬಾಗಿನ ಸೈನ್ ಬೇಕಾದಾಗ ಬಂತಾ? ಅಂಗಾದ್ರೆ ಎರಡೂ ತಕಂಡೋಗ್ರಿ.”

“ಅಲ್ಲ ಕಣೆ ಮಂಜಿ…” ಎನ್ನುತ್ತಾ ಕೆಂಚಮ್ಮ ಒಂದು ಹೆಜ್ಜೆ ಮುಂದೆ ಬಂದಳು.

ಆಗಲೂ ಹೊತ್ತಿತ್ತು. ಅಲ್ಲಿಂದ ತಕ್ಷಣ ಹೊರಟರೆ ಮೂರಕ್ಕೆ ಮಧುಗಿರಿ ಸೇರಬಹುದಿತ್ತು. ನಾಲ್ಕು ಸಮಾಧಾನದ ಮಾತಾಡಿ, ಸ್ವಲ್ಪ ಅತ್ತು, ಸಹಿ ಹಾಕಿಸಿಕೊಂಡು ಬರುವ ಬ್ರೋಕರ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ವನಜಾಕ್ಷಿ ತಿರುಗಿ ಕಾಗದವನ್ನು ನನ್ನ ಕಡೆ ಚಾಚಿದಳು.

“ರೈಟ್ರೇ, ಈ ಕಾಗ್ದ ಹರಿದಾಕಿ.”

“ಸ್ಲಾಟು?” ಎಂದೆ.

“ಹರಿದಾಕಿ ಅಂದ್ನಲ್ಲ.”

ಹರಿದೆ. ಅವಳು ಮೊರವನ್ನು ತಾಯಿಯ ಕೈಗೆ ವಾಪಸ್ ಕೊಟ್ಟು, ಅಂಗಳದಲ್ಲೇ ನಿಂತು, ಎಲ್ಲರಿಗೂ ಕೇಳುವಂತೆ ಮೇಷ್ಟ್ರಿಗೆ ಫೋನ್ ಮಾಡಿದಳು. “ಸರ್, ಇವತ್ತು ನೋಂದಣಿ ಆಗಲ್ಲ. ಈ ಮನೇಲಿ ಇನ್ನೊಬ್ಬ ಮಗಳಿದಾಳೆ, ಪತ್ರದಲ್ಲಿ ಅವಳ ಹೆಸರಿಲ್ಲ. ಅವಳನ್ನ ಬಿಟ್ಟು ನಾನು ಮಾಡಿಸಲ್ಲ.” ಆ ಕಡೆಯಿಂದ ಮೇಷ್ಟ್ರು ಕಿರುಚಿದ್ದು ನಮಗೂ ಕೇಳಿಸಿತು. ಇಂಥ ಬೇಜವಾಬ್ದಾರಿ ನೋಡಿರಲಿಲ್ಲವಂತೆ, ಶಿರಾದ ಸೈಟೇ ವಾಸಿಯಂತೆ. ಫೋನು ಕಟ್ ಆಯಿತು.

ವನಜಾಕ್ಷಿ ಮಂಜಮ್ಮನಿಗೆ ಹೇಳಿದಳು: “ಪಾಲು ಬೇಕೋ ಬೇಡ್ವೋ ನೀವೇ ಯೋಚ್ನೆ ಮಾಡಿ ಹೇಳಿ. ಅವಸರ ಇಲ್ಲ.” ಅವಸರ ಇಲ್ಲ ಎಂಬ ಮಾತನ್ನು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಮಂಜಮ್ಮ ಹರಿದ ಕಾಗದದ ಚೂರುಗಳನ್ನು ನೋಡಿದಳು. ಆಮೇಲೆ ಕೈಯ ಮಣ್ಣನ್ನು ಒರೆಸಿಕೊಂಡು ತಾಯಿಯ ಮುಂದೆ ಬಂದು ಸೆರಗು ಒಡ್ಡಿದಳು.

“ನೀನೇ ಕೊಡವ್ವ.”

“ನಾನು ಕೊಡಬಾರ್ದು ಕಣೆ ಮಗಳೇ…”

“ನೀನು ಗಂಡ ಸತ್ತೋಳು, ನಾನು ನಿಮ್ ಪಾಲಿಗೆ ಸತ್ತೋಳು. ನಮ್ಮಿಬ್ರಿಗೆ ಇನ್ನೇನು ಶಾಸ್ತ್ರ? ಕೊಡು.”

ಕೆಂಚಮ್ಮ ಕೊಟ್ಟಳು. ವನಜಾಕ್ಷಿ ಕಾರಿನ ಹಿಂದೆ ಹೋಗಿ ನಿಂತು ಅತ್ತಳು. ನಾನು ಕಡಲೆಕಾಯಿ ನೋಡುತ್ತಾ ಕೂತೆ.

ನಾವು ಊಟ ಮಾಡಿಕೊಂಡು ವಾಪಸ್ ಪಾವಗಡ ದಾಟುವಾಗ ಮೂರು ಹೊಡೆದಿತ್ತು. ಮಧುಗಿರಿಯ ಆಫೀಸಿನ ಮುಂದೆ ತಿಮ್ಮರಾಜು ಅವಳನ್ನು ಬಾಯಿಗೆ ಬಂದಂತೆ ಬೈದ. ಮಾರನೆಯ ದಿನ ಇನ್ನೊಬ್ಬ ಬ್ರೋಕರನ್ನೂ ಹಿಡಿದ. ಆದರೆ ಅವ್ವ ‘ಮಂಜಿ ಬರದೆ ನಾನು ಹೆಬ್ಬೆಟ್ಟು ಒತ್ತಲ್ಲ’ ಎಂದು ಗೋಡೆಗೆ ಒರಗಿ ಕೂತುಬಿಟ್ಟಳು. ಮೇಷ್ಟ್ರ ಸುದ್ದಿಯೇ ಇರಲಿಲ್ಲ. ವನಜಾಕ್ಷಿ ಬೆಂಚಿನ ಮೇಲೆ ಬಂದು ಕೂರುವುದನ್ನು ಬಿಟ್ಟಳು. ಬಾಗಿಲು ಹಾಕಿಯೇಬಿಡುತ್ತಾಳೆ ಎಂದುಕೊಂಡೆ.

ಹಬ್ಬ ಕಳೆದ ಮೇಲೆ ವನಜಾಕ್ಷಿಗೆ ಫೋನ್ ಮಾಡಿದ್ದು ಮೇಷ್ಟ್ರಲ್ಲ, ಅಶ್ವಿನಿ. ಶಿರಾದ ಲೇಔಟಿಗೆ ಹೋಗಿದ್ದರಂತೆ. ಜಮೀನಿನ ಮೂಲ ಮಾಲೀಕರಿಗೆ ಎಷ್ಟು ಜನ ಹೆಣ್ಣುಮಕ್ಕಳು ಎಂದು ಈಕೆ ಕೇಳಿದಳಂತೆ. ಅಲ್ಲಿದ್ದವನು ನಕ್ಕು, ಕೂಲ್ ಡ್ರಿಂಕ್ಸ್ ಕೊಟ್ಟು ಕಳಿಸಿದನಂತೆ. “ಮೇಡಂ, ಆ ಮಗಳು ಏನಂದ್ರು?” ಎಂದು ಕೇಳಿದಳು ಅಶ್ವಿನಿ.

ಆ ಮಗಳು ಸಮಪಾಲು ಕೇಳಿದ್ದಳು. ತಿಮ್ಮರಾಜು ಹಾರಾಡಿ, ಕೊನೆಗೆ ಅವ್ವನ ಹಟಕ್ಕೆ ಸೋತ. ವಂಶವೃಕ್ಷ ಹೊಸದಾಯಿತು, ನಾನು ಪತ್ರವನ್ನು ಹೊಸದಾಗಿ ಬರೆದೆ, ವನಜಾಕ್ಷಿ ಮತ್ತೆ ಸ್ಲಾಟ್ ಹಿಡಿದಳು.

ನೋಂದಣಿಯ ದಿನ ತಿಮ್ಮರಾಜು ಮಂಜಮ್ಮನ ಜೊತೆ ಮಾತಾಡಲಿಲ್ಲ, ಎದುರು ಗೋಡೆಗೆ ಆತುಕೊಂಡು ಮೊಬೈಲ್ ನೋಡುತ್ತಿದ್ದ. ಕೆಂಚಮ್ಮನ ಸರದಿ ಬಂತು. ಅಧಿಕಾರಿ ಪತ್ರದಿಂದ ತಲೆಯೆತ್ತದೆ ಎಂದಿನಂತೆ ಕೇಳಿದರು: “ದೊಡ್ಡರಂಗಪ್ಪನವರಿಗೆ ಮಕ್ಕಳೆಷ್ಟಮ್ಮ?”

ಮುದುಕಿ ಒಮ್ಮೆ ಮಗನ ಕಡೆ ನೋಡಿದಳು.

“ಮೂರು ಸ್ವಾಮಿ,” ಎಂದಳು ಕೆಂಚಮ್ಮ. ಅಧಿಕಾರಿ ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರೂ ಅವಳು ಬಿಡಲಿಲ್ಲ, ಹೊರಗೆ ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡುವಂತೆ ಇನ್ನೊಮ್ಮೆ ಹೇಳಿದಳು. “ನಂಗೆ ಮೂರು ಮಕ್ಕಳು.”