ಕಟ್ಟಿನವ್ವನ ಹೊಟ್ಟೆಯೊಳಗಿನ ಕಥೆ

ನಮ್ಮ ಅತ್ತೆ ಹುಚ್ಚವ್ವನಿಗೆ ಕನಸು ಬೀಳುವುದು ಹಗಲಿನಲ್ಲಿ. ಡೋಣಿ ಊರಿನ ನಮ್ಮ ಪಡಸಾಲೆಯಲ್ಲಿ ಮಧ್ಯಾಹ್ನ ಕಪ್ಪತಗುಡ್ಡದ ಗಾಳಿ ಆಡತೊಡಗಿದರೆ ಸಾಕು, ಕಂಬಕ್ಕೆ ಒರಗಿದವಳು ಹಾಗೇ ಜಾರುತ್ತಾಳೆ. ಎದ್ದು, "ಶಿವಲಕ್ಷ್ಮಿ, ಕಟ್ಟಿನವ್ವ ಬಂದಿದ್ದಳ ನೋಡ. ಕಾಲ ತುಂಬ ಧೂಳ. ಎಲ್ಲಿಂದ ಬಂದೀ ಅಂದ್ರ ಮಾತಾಡ್ಲಿಲ್ಲ" ಎನ್ನುತ್ತಾಳೆ, ಸಂತೆಯಲ್ಲಿ ಬೀಗತಿ ಸಿಕ್ಕಿದ್ದಳು ಎಂಬಂತೆ. ಸೊಸೆಯಾದ ನಾನು ಇಂಥ ಮಾತಿಗೆ ಹೂಂ ಎನ್ನುತ್ತಲೇ ಅರ್ಧ ಆಯುಷ್ಯ ಕಳೆದಿದ್ದೇನೆ.

ಕಟ್ಟಿನವ್ವ ಎಂದರೆ ನಮ್ಮ ದೇವರಮನೆಯ ಜಗಲಿಯ ಮೇಲೆ ದೇವರ ಜೊತೆ ಕೂತಿದ್ದ ಬಟ್ಟೆಯ ಗಂಟು. ಒಳಗೆ ತಾಡೋಲೆ ಇದೆ ಎಂದು ಗೊತ್ತಿತ್ತು, ಏನು ಬರೆದಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಬಿಚ್ಚುವ ಪದ್ಧತಿಯೇ ಇರಲಿಲ್ಲ. ಮನೆಗೆ ಬಂದ ಸೊಸೆ ತನ್ನ ಮದುವೆ ಸೀರೆಯ ಸೆರಗು ಹರಿದು ಹಳೆಯದರ ಮೇಲೆ ಸುತ್ತಬೇಕಿತ್ತು, ಅಷ್ಟೇ. ಊರಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ಅತ್ತೆ ಗಂಟನ್ನು ಎತ್ತಿಕೊಂಡು ಹೋಗಿ ಬಸುರಿಯ ನೆತ್ತಿಗೆ ಮುಟ್ಟಿಸುತ್ತಿದ್ದಳು. ಆಸ್ಪತ್ರೆಗೆ ಹೋಗುವ ಹೆಣ್ಣುಮಕ್ಕಳೂ ಮೊದಲು ನಮ್ಮ ಬಾಗಿಲಿಗೆ ಬಂದೇ ಗಾಡಿ ಹತ್ತುತ್ತಿದ್ದರು.

ನನ್ನ ಮಗಳು ಪ್ರಿಯಾಂಕಾ ಚೊಚ್ಚಲ ಹೆರಿಗೆಗೆ ಬಂದಿದ್ದಳು, ದಿನ ತುಂಬಿತ್ತು. ಆಗಲೇ, ಊರೂರು ತಿರುಗಿ ಹಳೆಯ ಓಲೆ ಹುಡುಕಿ ಓದುವ ವಿದ್ಯಾಶ್ರೀ ಗದಗಿನಿಂದ ಬಂದಳು. ಅವಳಿಗೆ ತೋರಿಸಲೆಂದು ಗಂಟನ್ನು ಎತ್ತಿದರೆ ಕೆಳಗೆ ಹಿಟ್ಟಿನಂಥ ಪುಡಿ ಉದುರಿತು.

"ಅಜ್ಜಿ, ಹುಳ ಹತ್ತೇತ್ರಿ. ಈಗ ಬಿಚ್ಚಲಿಲ್ಲಂದ್ರ ಏನೂ ಉಳಿಯಂಗಿಲ್ಲ."

"ಬಿಚ್ಚಿದ್ರ ಅವ್ವ ಹೋಗಿಬಿಡ್ತಾಳವ್ವಾ. ನನ್ನ ಮೊಮ್ಮಗಳ ತಲಿಗೆ ಏನ ಮುಟ್ಟಿಸ್ಲಿ?"

ಹೆದರಿಕೆ ನನಗೂ ಇತ್ತು, ಸುಳ್ಳೇಕೆ ಹೇಳಲಿ? ಅತ್ತೆ ಆ ಪುಡಿಯನ್ನು ಅಂಗೈಗೆ ತೆಗೆದುಕೊಂಡು ನೋಡಿ, "ಆಕಿನ್ನ ಹುಳದ ಬಾಯಾಗ ಬಿಡೂದು ನ್ಯಾಯಲ್ಲ. ಬಿಚ್ಚವ್ವಾ" ಎಂದಳು.

ಮೊದಲು ನನ್ನ ಸೆರಗು ಬಂತು, ಅದರಡಿ ಅತ್ತೆಯದು. "ಇನ್ನೂ ಎಷ್ಟ ಕೆಂಪ ಐತಿ ನೋಡ!" ಎಂದು ಮುದುಕಿ ನಾಚಿದಳು. ಅದರಡಿ ಅವಳ ಅತ್ತೆಯದು. ಆಮೇಲೆ ಹೆಸರೇ ಗೊತ್ತಿಲ್ಲದ ಸೊಸೆಯಂದಿರು, ಒಬ್ಬಳ ಕೆಳಗೆ ಒಬ್ಬಳು. ಅರಿಷಿಣ, ಕರ್ಪೂರ, ಎಂದೋ ಸುರಿದ ಮಳೆಯ ವಾಸನೆ. ಪಡಸಾಲೆ ತುಂಬ ಮದುವಣಗಿತ್ತಿಯರು ಬಂದು ಕೂತಂತಾಗಿ ನಾನು ಜಾಗ ಬಿಟ್ಟು ಕಾಲು ಮಡಚಿಕೊಂಡೆ.

ಕೊನೆಗೆ ಓಲೆಗಳು. ವಿದ್ಯಾಶ್ರೀ ಓದಿ ಬೆರಗಾದಳು. "ಅಜ್ಜಿ, ಇದು ಬೈಬಲ್ಲರಿ. ಪಾದ್ರಿಗಳ ಕಾಲದಾಗ ಯಾರೋ ಕನ್ನಡದಾಗ ನಕಲ ಮಾಡ್ಯಾರ. ಏಸು ಹುಟ್ಟಿದ ಕಥಿ."

"ಅಯ್ಯ ಶಿವನ! ಇಷ್ಟ ದಿನ ಮಂದಿ ದೇವರಿಗೆ ಕಾಯಿ ಒಡದ್ವೇನು?" ನನ್ನ ಮೈದುನ ತಿರಕಪ್ಪ ಬಾಗಿಲಲ್ಲೇ ಕೂಗಿದ. ಅವನು ಯಾವಾಗಲೂ ಮಾತಿಗೆ ಮುಂದು, ಕೆಲಸಕ್ಕೆ ಹಿಂದು. "ಯವ್ವಾ, ಇನ್ನ ಯಾರ ತಲಿಗೂ ಮುಟ್ಟಸಬ್ಯಾಡ ಅದನ್ನ."

"ನೀ ಹುಟ್ಟೂವಾಗ ನನ್ನ ನೆತ್ತಿ ಮ್ಯಾಲ ಇದ ಇತ್ತಲೇ. ಉಂಡ ಮನಿ ಜಂತಿ ಎಣಿಸಬ್ಯಾಡ" ಎಂದು ಅತ್ತೆ ಮಗನ ಬಾಯಿ ಮುಚ್ಚಿಸಿದಳು. ವಿದ್ಯಾಶ್ರೀಗೆ ಓದು ಎಂದು ಸನ್ನೆ ಮಾಡಿದಳು.

ದಿನ ತುಂಬಿದ ಹೆಣ್ಣುಮಗಳು, ದೂರದ ಊರು, ಛತ್ರದಲ್ಲಿ ಜಾಗವಿಲ್ಲ. ಹೆತ್ತ ಕೂಸನ್ನು ಬಟ್ಟೆಯಲ್ಲಿ ಸುತ್ತಿ ದನ ಮೇಯುವ ಗ್ವಾದಲಿಯಲ್ಲಿ ಮಲಗಿಸಿದಳು ಎಂದಿತ್ತು.

"ಹೆರಿಗಿ ಯಾರ ಮಾಡಿಸಿದ್ರು? ತವರಿನವ್ರು ಯಾರೂ ಇದ್ದಿಲ್ಲೇನು?"

"ಓಲಿಯಾಗ ಬರದಿಲ್ರಿ ಅಜ್ಜಿ."

"ಬರದಾಂವ ಗಂಡಸ ಇರಬೇಕ" ಎಂದವಳೇ ಅತ್ತೆ ಸೆರಗು ಬಾಯಿಗೊತ್ತಿ ಗೊಳೋ ಎಂದು ಅತ್ತಳು.

ಕೆಡದಂತೆ ನೋಡಿಕೊಳ್ಳಲೆಂದು ಓಲೆಗಳನ್ನು ವಿದ್ಯಾಶ್ರೀಯ ಜೊತೆ ಗದಗಿಗೆ ಕಳಿಸಿದೆವು. ಮರುದಿನವೇ ಪ್ರಿಯಾಂಕಾಗೆ ನೋವು ಬಂತು. ನಿಮ್ಮ ಜೀವ ಹಾರುವುದು ಬೇಡ, ಮೊದಲೇ ಹೇಳಿಬಿಡುತ್ತೇನೆ: ತಾಯಿ, ಕೂಸು ಇಬ್ಬರೂ ಆರಾಮ ಇದ್ದಾರೆ. ಆದರೆ ಮುಂಡರಗಿಯ ಆಸ್ಪತ್ರೆಯ ದಾರಿಯಲ್ಲಿ ನಮಗದು ಗೊತ್ತಿರಲಿಲ್ಲವಲ್ಲ! "ಆಯಿ, ಕಟ್ಟಿನವ್ವ ಇಲ್ಲ, ನಾ ಸಾಯ್ತೀನಿ" ಎಂದು ಜೀಪಿನಲ್ಲಿ ಹುಡುಗಿ ಅಜ್ಜಿಯ ಕಡೆ ತಿರುಗಿ ಚೀರಿದಳು. ಅತ್ತೆಯ ಕೈ ಖಾಲಿ. ಆ ಖಾಲಿ ಕೈಯನ್ನೇ ಮೊಮ್ಮಗಳ ನೆತ್ತಿಯ ಮೇಲಿಟ್ಟು, ನಿದ್ದೆಗಣ್ಣಿನಲ್ಲಿ ಮಾತಾಡುವವಳಂತೆ ಮೆಲ್ಲಗೆ ಶುರುಮಾಡಿದಳು.

"ಒಬ್ಬಾಕಿ ಇದ್ದಳು. ದಿನ ತುಂಬಿತ್ತು. ಯಾರೂ ಬಾಗಿಲಾ ತಗೀಲಿಲ್ಲ. ದನದ ಮನಿಯಾಗ ಒಬ್ಬಾಕಿನ ನೋವ ತಿಂತಿದ್ದಳು. ಆಗ ಒಬ್ಬ ಮುದುಕಿ ಬಂದ್ಲು. ನೀರ ಕಾಸಿದ್ಲು, ಸೊಂಟ ತಿಕ್ಕಿದ್ಲು, ಹೆದರಬ್ಯಾಡ ನನ್ನವ್ವ ಅಂದ್ಲು."

ಪ್ರಿಯಾಂಕಾ ಹಲ್ಲು ಕಚ್ಚಿಕೊಂಡೇ ಕೇಳಿದಳು. "ಓಲಿಯಾಗ ಹಂಗ ಇದ್ದಿಲ್ಲಲ್ಲ ಆಯಿ. ಯಾವ ಮುದುಕಿ?"

"ನಾನ, ಮತ್ತ್ಯಾರು!"